ನದಿಯ ಸಾಲ್ಮನ್‌ಗೆ ಒಂದೇ ಕೋಲು ಸಾಕೇ?

ಕೆನಡಾದ ಬ್ರಿಟಿಷ್ ಕೊಲಂಬಿಯಾದ ವೆಡ್ಡರ್‌ನಂತಹ ನದಿಯಲ್ಲಿ ಕೋಹೋ, ಚಮ್, ಚಿನೂಕ್ ಎಂಬ ಮೂರು ಜಾತಿಯ ಸಾಲ್ಮನ್ ಮೀನಿಗೂ ಹೊಂದುವ ಒಂದೇ ಗಾಳದ ಸಲಕರಣೆ ಯಾವುದೆಂದು ಕೇಳಿದ್ದೀರಿ. ನನ್ನ ಆಯ್ಕೆ 9ರಿಂದ 10 ಅಡಿ ಉದ್ದದ, 10–20 ಪೌಂಡ್ ದಾರಕ್ಕೆಂದು (ಪೌಂಡ್ ಎಂದರೆ ದಾರ ತುಂಡಾಗದೆ ತಡೆಯುವ ಭಾರ) ಗುರುತು ಮಾಡಿದ ಸ್ಪಿನ್ನಿಂಗ್ ಕೋಲು, ಅಂದರೆ ದಾರ ಸುತ್ತುವ ರೀಲ್ ಕೋಲಿನ ಕೆಳಗೆ ತೂಗುವ ಬಗೆಯದ್ದು. ಉದ್ದನೆಯ ಕೋಲು ತುದಿಯಿಂದ, ಗಾಳವನ್ನು ತೂಗಿ ಹಿಡಿದು ತೇಲುವ ಬೆಂಡಿನವರೆಗಿನ ದಾರವನ್ನು ನೀರಿಗೆ ತಾಗದಂತೆ ಎತ್ತಿ ಹಿಡಿಯುವುದರಿಂದ ಬೆಂಡು ಪ್ರವಾಹದ ವೇಗದಲ್ಲೇ ಸಹಜವಾಗಿ ತೇಲುತ್ತದೆ. ಅದೇ ಕೋಲಿನಿಂದ ಚಮಚದಾಕಾರದ ಲೋಹದ ಹುಸಿ ಎರೆಯನ್ನೂ ದೂರಕ್ಕೆ ಎಸೆಯಬಹುದು.

ರೀಲ್ 4000ದ ಅಳತೆಯದ್ದು (ತಯಾರಕರು ಗಾತ್ರಕ್ಕೆ ಕೊಡುವ ಸಂಖ್ಯೆ) ಸಾಕು. ಆದರೆ ಹಣ ಉಳಿಸಲು ಹೋಗಬಾರದ ಜಾಗವೆಂದರೆ ಅದರ ಡ್ರ್ಯಾಗ್, ಅಂದರೆ ದಾರ ಬಿಚ್ಚಿಕೊಳ್ಳುವುದನ್ನು ಹಿಡಿತದಲ್ಲಿಡುವ ಬ್ರೇಕ್: ಹೊಳೆಯ ಸೆಳವಿನೊಂದಿಗೆ ಓಡುವ ಮೀನಿಗೆ ದಾರವನ್ನು ಅದು ಜಗ್ಗಾಟವಿಲ್ಲದೆ, ಒಂದೇ ಸಮನೆ ಬಿಟ್ಟುಕೊಡದಿದ್ದರೆ ಗಟ್ಟಿಯಾದ ದಾರವೂ ತುಂಡಾಗಬಹುದು.

ರೀಲಿಗೆ 30 ಪೌಂಡಿನ ಹೆಣೆದ ದಾರವನ್ನು ಸುತ್ತಿರಿ. ಅದು ತೆಳ್ಳಗಿದ್ದು ನೀರಿನ ಮೇಲೆ ತೇಲುತ್ತದೆ. ತುದಿಗೆ ಎರಡು ಮೂರು ಅಡಿಯಷ್ಟು 12–15 ಪೌಂಡಿನ ನೈಲಾನ್ ಎಳೆಯನ್ನು ಕಟ್ಟಿದರೆ, ಗಾಳ ಕಲ್ಲಿಗೆ ಸಿಕ್ಕಿಕೊಂಡಾಗ ಅದಷ್ಟೇ ತುಂಡಾಗಿ ಉಳಿದದ್ದು ಕೈಗೆ ಬರುತ್ತದೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಸಾಲ್ಮನ್‌ಗೆ ಹಿಮ್ಮುಳ್ಳಿಲ್ಲದ ಗಾಳ ಕಡ್ಡಾಯ. ದೊಡ್ಡ ಚಿನೂಕ್‌ಗಳನ್ನೇ ಅರಸುವವರಿಗೆ ಮಾತ್ರ ಇದಕ್ಕಿಂತ ಬಲವಾದ ಕೋಲು ಬೇಕು.