ತಿರುವಿಗೆ ಬಂದ್ರೆ ಸಾಕು, ಬೋಗಿ ಕೆಳಗೆ!

ಪ್ರಶ್ನೆ: ಟೆರೇಸ್ ಮೇಲಿನ ಶೀಟ್ ರೂಮಿನಲ್ಲಿ ಆರಕ್ಕೆ ನಾಲ್ಕಡಿ ಪ್ಲೈವುಡ್ ಮೇಲೆ ಎಚ್‌ಓ (ಅಸಲಿ ರೈಲಿನ 87ನೇ ಒಂದು ಪಾಲಿನ ಅಳತೆಯ) ಮಾಡೆಲ್ ರೈಲಿನ ಫ್ಲೆಕ್ಸ್ ಹಳಿ, ಅಂದರೆ ಬೇಕಾದ ಹಾಗೆ ಬಗ್ಗಿಸಬಹುದಾದ ಹಳಿ, ಹಾಕಿದ್ದೇನೆ. ಹಾಕಿದ್ದು ಮಳೆಗಾಲದಲ್ಲಿ. ನೇರ ದಾರಿಯಲ್ಲಿ ಚೆನ್ನಾಗಿ ಓಡುತ್ತದೆ, ತಿರುವಿನ ಜಾಯಿಂಟಿಗೆ ಬಂದ ತಕ್ಷಣ ಬೋಗಿ ಹಳಿ ತಪ್ಪುತ್ತದೆ. ಏಪ್ರಿಲ್‌ನಲ್ಲಿ ಒಂದು ಕಡೆ ಹಳಿ ಮೇಲೆದ್ದಿತ್ತು. ಬಿಸಿಲಿಗೆ ಹಿಗ್ಗಿದೆ ಅಂತಾರೆ. ಎಲ್ಲಾ ಕಿತ್ತು ಹಾಕಬೇಕಾ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಅಯ್ಯೋ, ಎಲ್ಲಾ ಯಾಕೆ ಕೀಳ್ತೀರಿ? ತಿರುವು ಬಿಚ್ಚಿದರೆ ಸಾಕು.

ಫ್ಲೆಕ್ಸ್ ಹಳಿಯನ್ನು ಎಷ್ಟೇ ಬಗ್ಗಿಸಿದರೂ ತುದಿ ಮಾತ್ರ ನೆಟ್ಟಗಾಗಲು ನೋಡುತ್ತದೆ. ಹಾಗಾಗಿ ಎರಡು ತುಂಡು ಸೇರುವ ಕಡೆ ಸಣ್ಣದೊಂದು ಮೂಲೆ ಹುಟ್ಟಿಕೊಳ್ಳುತ್ತದೆ, ಮೇಲಿನಿಂದ ನೋಡಿದರೆ ಗೊತ್ತಾಗಲ್ಲ, ಕಣ್ಣನ್ನು ಹಳಿಯ ಮಟ್ಟಕ್ಕೆ ಇಳಿಸಿ ಉದ್ದಕ್ಕೂ ನೋಡಿ, ಕಾಣುತ್ತದೆ. ಬೋಗಿ ಬೀಳುವುದು ಅಲ್ಲೇ. ಎರಡು ತುಂಡನ್ನೂ ನೆಟ್ಟಗಿರುವಾಗಲೇ ಜಾಯಿನರ್ (ಕಂಬಿಗಳನ್ನು ಕೂಡಿಸುವ ಪುಟ್ಟ ಲೋಹದ ತುಂಡು) ಹಾಕಿ ಬೆಸುಗೆ ಮಾಡಿ, ಆಮೇಲೆ ಒಂದೇ ಹಳಿ ಅನ್ನುವ ಹಾಗೆ ಬಗ್ಗಿಸಿ. ಬಗ್ಗಿಸಿದಾಗ ಒಳಗಿನ ಕಂಬಿ ತುದಿಯಲ್ಲಿ ಹೊರಗೆ ಚಾಚುತ್ತದೆ. ಅಷ್ಟನ್ನು ಕತ್ತರಿಸಿ, ತುದಿಯನ್ನು ಅರದಿಂದ ಉಜ್ಜಿ. ಉಗುರು ಆಡಿಸಿದಾಗ ಎಲ್ಲೂ ತಡೆಯಬಾರದು. ಬೆಸುಗೆ ಹಾಕುವಾಗ ಅಕ್ಕಪಕ್ಕದ ಸ್ಲೀಪರ್ (ಕಂಬಿಯ ಕೆಳಗಿನ ಅಡ್ಡಪಟ್ಟಿ) ಮೇಲೆ ಒದ್ದೆ ಟಿಶ್ಯೂ ಇಡಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಕರಗಿ ಗೇಜೇ, ಅಂದರೆ ಎರಡು ಕಂಬಿಗಳ ನಡುವಿನ ಅಂತರವೇ, ಕೆಡುತ್ತದೆ. ತಿರುವಿನ ತ್ರಿಜ್ಯ 18 ಇಂಚಿಗಿಂತ ಕಡಿಮೆ ಇದ್ದರೆ ಮಾತ್ರ ಉದ್ದ ಬೋಗಿಯ ಆಸೆ ಬಿಡಿ.

ಇನ್ನು ಬಿಸಿಲಿನ ಕಥೆ. ಮೂರಡಿ ಉದ್ದದ ನಿಕಲ್ ಸಿಲ್ವರ್ ಹಳಿ 20 ಡಿಗ್ರಿ ಬಿಸಿ ಏರಿದರೂ ಹಿಗ್ಗುವುದು ಸುಮಾರು 0.3 ಮಿ.ಮೀ. ಅಷ್ಟೇ. ನನಗೆ ಅನುಮಾನ ಜಾಸ್ತಿ ಇರುವುದು ಮರದ ಮೇಲೆ. ಮಳೆಗಾಲದಲ್ಲಿ ತೇವ ಕುಡಿದು ಉಬ್ಬಿದ ಹಲಗೆ, ಕೆಳಗಿನ ರೀಪರ್ ಎಲ್ಲಾ ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತವೆ, ಮೇಲಿನ ಹಳಿ ಕುಗ್ಗಲ್ಲ, ಎಲ್ಲಿಗೆ ಹೋಗಬೇಕು ಅದು? ಮೇಲೇಳುತ್ತದೆ. ಹಲಗೆಯ ಎರಡೂ ಬದಿಗೆ, ಅಂಚಿಗೂ ಸೇರಿಸಿ, ಪೇಂಟ್ ಬಳಿಯಿರಿ. ನೇರ ದಾರಿಯ ಜಾಯಿಂಟುಗಳಿಗೆ ಬೆಸುಗೆ ಬೇಡ, ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಬಿಡಿ. ಹಳಿಯ ಮೂಲಕ ರೈಲಿಗೆ ಹೋಗುವ ಕರೆಂಟಿಗೆ ಜಾಯಿನರ್ ನಂಬಬೇಡಿ, ಪ್ರತಿ ತುಂಡಿಗೂ ಬೇರೆ ವೈರ್ ಎಳೆಯಿರಿ. ಎಸ್‌.ಪಿ. ರೋಡಿಗೆ ಒಂದು ಸಲ ಹೋದರೆ ವೈರು, ಸೋಲ್ಡರಿಂಗ್ ಐರನ್ ಎರಡೂ ಸಿಗುತ್ತವೆ.

ಜಲ್ಲಿಗೆ ಆತುರ ಬೇಡ. ಕೆಲವು ವಾರ ರೈಲು ಓಡಿಸಿ, ಹಿಮ್ಮುಖವಾಗಿ ತಳ್ಳಿಯೂ ನೋಡಿ, ಆಮೇಲೆ ಜಲ್ಲಿ ಹಾಕಿ, ಅದು ಅಂಟಲು ಫೆವಿಕಾಲ್ ನೀರು ಬಿಡಿ. ಒಣಗಿದ ಮೇಲೆ ಹಳಿ ಎಬ್ಬಿಸುವ ಕಷ್ಟ ಯಾರಿಗೂ ಬೇಡ.

ಪ್ರಶ್ನೆ: ಎಚ್‌ಓ ಹಳಿ ನಮ್ಮ ರೈಲ್ವೆಯ ಅಳತೆಗೆ ಸರಿಯಾಗುತ್ತದಾ?
– ಓದುಗರೊಬ್ಬರು, ಜಯನಗರ

ಉತ್ತರ: ಇಲ್ಲ. ಎಚ್‌ಓ ಅಂದರೆ 1:87. ಅದರ 16.5 ಮಿ.ಮೀ. ಹಳಿ 1435 ಮಿ.ಮೀ. ಸ್ಟ್ಯಾಂಡರ್ಡ್ ಗೇಜಿನ ಲೆಕ್ಕ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ., ಅದಕ್ಕೆ 19.3 ಮಿ.ಮೀ. ಆದರೂ ಬೇಕಿತ್ತು. ಹೆಚ್ಚಿನವರು ಹಾಗೇ ಓಡಿಸುತ್ತಾರೆ, ನೋಡಿದವರಿಗೆ ಗೊತ್ತೂ ಆಗಲ್ಲ. ನಮ್ಮ ಮೆಟ್ರೋ ಮಾಡಿದರೆ ಈ ತಕರಾರೇ ಇಲ್ಲ, ಅದು ಓಡುವುದೇ ಸ್ಟ್ಯಾಂಡರ್ಡ್ ಗೇಜಿನಲ್ಲಿ. ಹಳೇ ಬೆಂಗಳೂರು–ಮೈಸೂರು ಮೀಟರ್ ಗೇಜ್ ಬೇಕೆಂದರೆ ಎಚ್‌ಓಎಂ ಅನ್ನುವ 12 ಮಿ.ಮೀ. ಹಳಿ ಇದೆ, ಬೋಗಿ ಮಾತ್ರ ನೀವೇ ಕೂತು ಕಟ್ಟಿಕೊಳ್ಳಬೇಕಾದೀತು.