ಸಪ್ತರ್ಷಿಗಳಲ್ಲಿ ಐವರಷ್ಟೇ ಒಂದೇ ಮನೆಯವರು

ಓದುಗರ ಪತ್ರ: ಸಪ್ತರ್ಷಿ ಮಂಡಲದ ಏಳೂ ನಕ್ಷತ್ರಗಳು ಒಂದೇ ಗುಂಪಿನವು ಎಂದು ಮಗಳಿಗೆ ಹೇಳಿದ್ದೆ. ‘ಅವು ಸುಮ್ನೆ ಒಂದೇ ಕಡೆ ಕಾಣುತ್ತವೆ ಅಷ್ಟೇ, ಒಂದಕ್ಕೊಂದು ಸಂಬಂಧವೇ ಇಲ್ಲ’ ಎಂದು ಅವಳ ವಾದ. ಯಾರು ಸರಿ?

ಸಂಪಾದಕರ ಉತ್ತರ: ಇಬ್ಬರೂ ಸ್ವಲ್ಪ ಸ್ವಲ್ಪ ಸರಿ. ಅಂಕ ಕೊಡಲೇಬೇಕೆಂದರೆ ನಿಮಗೇ ಜಾಸ್ತಿ.

ಮಗಳ ಮಾತು ಬಹಳಷ್ಟು ನಕ್ಷತ್ರಪುಂಜಗಳಿಗೆ ಒಪ್ಪುತ್ತದೆ. ಅಕ್ಕಪಕ್ಕ ಕಾಣುವ ಎರಡು ಚುಕ್ಕಿಗಳಲ್ಲಿ ಒಂದು ಇನ್ನೊಂದಕ್ಕಿಂತ ನೂರಾರು ಜ್ಯೋತಿರ್ವರ್ಷ ಹಿಂದೆ ಇರಬಹುದು. ಆದರೆ ಸಪ್ತರ್ಷಿ ಮಂಡಲದ ಕಥೆ ಬೇರೆ. ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ, ಈ ಐದೂ ನಮ್ಮಿಂದ ಸುಮಾರು 80 ಜ್ಯೋತಿರ್ವರ್ಷ ದೂರದಲ್ಲಿವೆ. ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೊರಟಿವೆ. ಇದನ್ನು 1869ರಲ್ಲೇ ಗುರುತಿಸಿದವರು ಇಂಗ್ಲೆಂಡಿನ ಖಗೋಳಶಾಸ್ತ್ರಜ್ಞ ರಿಚರ್ಡ್ ಪ್ರಾಕ್ಟರ್. ಒಂದೇ ಅನಿಲದ ಮೋಡದಲ್ಲಿ ಹುಟ್ಟಿದ ಒಡಹುಟ್ಟಿದವರು ಇವು.

ಹೊರಗಿನವರು ಎರಡು ತುದಿಯಲ್ಲಿರುವವರು. ಕ್ರತು 120 ಜ್ಯೋತಿರ್ವರ್ಷಕ್ಕೂ ಆಚೆ, ಮರೀಚಿ 100ಕ್ಕೂ ಆಚೆ. ಇವೆರಡರ ಓಟವೂ ಉಳಿದವಕ್ಕೆ ಹೆಚ್ಚುಕಡಿಮೆ ಎದುರು ದಿಕ್ಕಿಗೆ. ಹಾಗಾಗಿ ಐವತ್ತು ಸಾವಿರ ವರ್ಷ ಕಳೆದರೆ ಈಗಿನ ಸೌಟಿನ ಆಕಾರ ಸೊಟ್ಟಗಾಗಿರುತ್ತದೆ. ಪುಲಹದಿಂದ ಕ್ರತುವಿಗೆ ಗೆರೆ ಎಳೆದು, ಅದನ್ನೇ ಐದು ಪಟ್ಟು ಮುಂದುವರಿಸಿ ಧ್ರುವ ನಕ್ಷತ್ರ ಹುಡುಕುತ್ತೇವಲ್ಲ, ಆಗ ಆ ಉಪಾಯವೂ ನಡೆಯದು.

ನೀವು ಕೇಳಿಲ್ಲ, ಆದರೂ ವಸಿಷ್ಠನ ವಿಷಯ ಹೇಳದೆ ಬಿಡಲು ಮನಸ್ಸಿಲ್ಲ. ಪಕ್ಕದಲ್ಲಿ ಮಂಕಾಗಿರುವ ಅರುಂಧತಿಯನ್ನು ಕಣ್ಣು ಚುರುಕಿದ್ದವರು ಬರಿಗಣ್ಣಲ್ಲೇ ಬೇರೆಯಾಗಿ ಕಾಣುತ್ತಾರೆ. ಸಣ್ಣ ಟೆಲಿಸ್ಕೋಪು ಹಿಡಿದರೆ ವಸಿಷ್ಠವೇ ಎರಡಾಗುತ್ತದೆ. ಆ ಎರಡರಲ್ಲಿ ಒಂದೊಂದೂ ಮತ್ತೆ ಜೋಡಿ! ಅವು ತೀರಾ ಹತ್ತಿರ ಇರುವುದರಿಂದ ಟೆಲಿಸ್ಕೋಪಿನಲ್ಲಿ ಬಿಡಿಯಾಗಿ ಕಾಣಲಿಲ್ಲ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ, ರೋಹಿತದ ಗೆರೆಗಳು ಎರಡಾಗಿ ಒಡೆದು ಮತ್ತೆ ಕೂಡುವುದು ಕಂಡಿತು. ಈ ರೀತಿ ಪತ್ತೆಯಾದ ಮೊದಲ ಜೋಡಿ ನಕ್ಷತ್ರವೇ ಆ ಎರಡರಲ್ಲಿ ಹೆಚ್ಚು ಬೆಳಗುವುದು, 1889ರಲ್ಲಿ. ಅರುಂಧತಿಗೂ ಒಂದು ಮಂಕು ಕೆಂಪು ಸಂಗಾತಿ ಇದೆ ಎಂದು ಗೊತ್ತಾಗಿದ್ದು 2009ರಲ್ಲಿ. ಅಲ್ಲಿಗೆ ಒಂದು ಚುಕ್ಕಿ ಎಂದುಕೊಂಡ ಕಡೆ ಆರು ನಕ್ಷತ್ರ. ಲೆಕ್ಕ ಹಾಕುತ್ತಾ ಹೋದರೆ ‘ಸಪ್ತ’ ಎಲ್ಲಿ ಉಳಿಯಿತು, ಅಲ್ವಾ?

ಮಗಳಿಗೆ ಕಣ್ಣಾರೆ ಪುರಾವೆ ಬೇಕೆಂದರೆ ಬೈನಾಕ್ಯುಲರ್ ಕೊಟ್ಟು ಮೊದಲು ಪುಲಹ, ಆಮೇಲೆ ಕ್ರತು ತೋರಿಸಿ. ಪುಲಹ ಅಚ್ಚ ಬಿಳಿ. ಕ್ರತು ವಯಸ್ಸಾಗಿ ಉಬ್ಬಿದ ದೈತ್ಯ ನಕ್ಷತ್ರ, ಅದಕ್ಕೇ ಕಿತ್ತಳೆ ಛಾಯೆ. ಮರೀಚಿ ನೀಲಿ ಬಿಳಿ, ತುಂಬಾ ಬಿಸಿ, ವಯಸ್ಸಿನಲ್ಲಿ ಆ ಐವರಿಗಿಂತ ಬಹಳ ಚಿಕ್ಕದು.