ಶಿರಸಿ, ಗೋಕರ್ಣ, ಕಾರವಾರದಲ್ಲಿ ಹಳೆ ಬಾಗಿಲು ಮತ್ತು ಗೋಡೆ ಚಿತ್ರಗಳ ಫೋಟೊ ತೆಗೆಯುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಡಿಸೆಂಬರ್ ಕೊನೆಗೆ ನಾಲ್ಕು ದಿನ ಬರುತ್ತೀರಿ, ಕೈಯಲ್ಲಿ ಒಂದು ಮೊಬೈಲು, 18–55 ಲೆನ್ಸಿನ ಹಳೆ ಕ್ಯಾಮೆರಾ, ಬೀದಿ ಬೀದಿ ಸುತ್ತಿ ಬಾಗಿಲು, ಗೋಡೆ ಚಿತ್ರ ತೆಗೆಯಬೇಕು. ಯಾವ ಹೊತ್ತು ಒಳ್ಳೆಯದು, ಎಲ್ಲಿಗೆ ಹೋಗಬೇಕು, ಮನೆಯವರು ಬೈಯುತ್ತಾರಾ?

ಕ್ಯಾಮೆರಾ ಸಾಕು. ಅದಕ್ಕಿಂತ ಮೊದಲು ಜೇಬಿನಲ್ಲಿ ದಿಕ್ಸೂಚಿ ಇರಲಿ, ಮೊಬೈಲಿನದೇ ಆದೀತು. ಬಾಗಿಲು ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಗೊತ್ತಾದರೆ ಎಷ್ಟು ಗಂಟೆಗೆ ಬರಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಇಲ್ಲಿ ಚಿತ್ರ ಕೆಡುವುದು ಹೆಚ್ಚಾಗಿ ಹೊತ್ತು ತಪ್ಪಿ ಹೋಗಿದ್ದರಿಂದ, ಲೆನ್ಸಿನಿಂದಲ್ಲ.

ಹಳೆ ಮನೆಗಳ ಹೆಬ್ಬಾಗಿಲು ಬಹುಪಾಲು ಪೂರ್ವಕ್ಕೆ. ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಹುಟ್ಟುವುದು ಏಳರ ಆಸುಪಾಸಿಗೆ, ಅದೂ ಸರಿಯಾಗಿ ಪೂರ್ವದಲ್ಲಲ್ಲ, ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು. ಪೂರ್ವದ ಬಾಗಿಲಿಗೆ ಎದುರಾಗಿ ನಿಂತರೆ ಬೆಳಕು ನಿಮ್ಮ ಎಡಭುಜದ ಹಿಂದಿನಿಂದ ಬೀಳುತ್ತದೆ. ಕೆತ್ತನೆಗೆ ಇದು ಚೆನ್ನ, ಬಳ್ಳಿಯ ಒಂದೊಂದು ಎಲೆಗೂ ಬಲಬದಿಗೆ ಸಣ್ಣ ನೆರಳು ಬಂದು ಉಬ್ಬು ಕಾಣುತ್ತದೆ. ಆದರೆ ಶಿರಸಿ ಕಡೆಯ ಮನೆಗಳಿಗೆ ಸೂರು ಉದ್ದ, ಜಗುಲಿ ಅಗಲ, ಬಾಗಿಲು ಆರು ಅಡಿ ಒಳಗೆ. ಬಿಸಿಲು ಏರಿದಂತೆ ಸೂರಿನ ನೆರಳು ಮೇಲಿನಿಂದ ಇಳಿಯುತ್ತ ಒಂಬತ್ತು ದಾಟುವಷ್ಟರಲ್ಲಿ ಬಾಗಿಲ ನಡುವಿಗೆ ಬರುತ್ತದೆ. ಅರ್ಧ ಬಿಸಿಲು, ಅರ್ಧ ಕತ್ತಲೆ. ಆ ಮುಕ್ಕಾಲು ಗಂಟೆ ಏನು ತೆಗೆದರೂ ವ್ಯರ್ಥ, ಪಕ್ಕದ ಬೀದಿಗೆ ಹೋಗಿ. ಹತ್ತರ ನಂತರ ಪೂರ್ತಿ ನೆರಳಾದ ಮೇಲೆ ಮತ್ತೆ ಬನ್ನಿ, ಅಂಗಳದಿಂದ ಪುಟಿದ ಮೆದು ಬೆಳಕಿನಲ್ಲಿ ಮರದ ಬಣ್ಣ ಸಮನಾಗಿ ಸಿಗುತ್ತದೆ. ತೋಟದಂಚಿನ, ಗುಡ್ಡದ ಬುಡದ ಮನೆಗಳಿಗೆ ಬಿಸಿಲು ತಲುಪುವುದೇ ತಡ, ಚಳಿಗಾಲದ ಮಂಜೂ ಸೇರಿದರೆ ಇನ್ನೂ ತಡ. ಅಂಥಲ್ಲಿಗೆ ಏಳಕ್ಕೇ ಓಡಬೇಡಿ.

ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಡಿಸೆಂಬರಿನಲ್ಲಿ ದಿನವಿಡೀ ಬಿಸಿಲು. ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೂ ಸೂರ್ಯ 52 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಉತ್ತರದ ಗೋಡೆಗೆ ಬಿಸಿಲೇ ಇಲ್ಲ, ಅದನ್ನು ಯಾವಾಗ ಬೇಕಾದರೂ ತೆಗೆಯಿರಿ. ಕಾರವಾರದ ಅಕ್ಷಾಂಶ ಸುಮಾರು 14.8 ಡಿಗ್ರಿ, ಹಾಗಾಗಿ ಉತ್ತರದ ಬಾಗಿಲಿಗೆ ನಡುಹಗಲ ಬಿಸಿಲು ತಾಗುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ. ಆಗ ಅರ್ಧಕ್ಕಿಂತ ಹೆಚ್ಚು ದಿನ ಮಳೆ.

ಮಳೆಗಾಲದಲ್ಲಿ ಬರದಿದ್ದದ್ದೇ ಒಳ್ಳೆಯದಾಯಿತು. ಜೂನ್‌ನಿಂದ ಎರಚಲು ತಡೆಯಲು ಜಗುಲಿಯ ಮುಂದೆ ಅಡಿಕೆ ಸೋಗೆಯದೋ ಮಡಲಿನದೋ ತಟ್ಟಿ ಕಟ್ಟುತ್ತಾರೆ, ಈಗೀಗ ನೀಲಿ ತಾಡಪಾಲು. ಬಾಗಿಲು ಇದೆ ಎಂಬುದೇ ಗೊತ್ತಾಗುವುದಿಲ್ಲ. ಡಿಸೆಂಬರಿನ ತೊಂದರೆ ಬೇರೆ, ಅದು ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ಚಪ್ಪರ, ಅಟ್ಟ, ಅದರ ಮೇಲೆ ಒಣಗಲು ಹಾಕಿದ ಅಡಿಕೆ. ಬಾಗಿಲಿಂದ ಹಿಂದೆ ಸರಿಯುತ್ತ ಹೋದರೆ ಬೆನ್ನಿಗೆ ಚಪ್ಪರದ ಕಂಬ ತಾಗುತ್ತದೆ.

ಹಿಂದೆ ಸರಿಯಲೇಬೇಕು, ಏಕೆಂದರೆ ಬಾಗಿಲಿನ ಚಿತ್ರದಲ್ಲಿ ಮೊದಲು ಕೆಡುವುದು ಗೆರೆ. ದಾರಂದದ, ಅಂದರೆ ಬಾಗಿಲ ಚೌಕಟ್ಟಿನ, ಎರಡು ಕಂಬಗಳು ಮೇಲೆ ಹೋದಂತೆ ಒಳಕ್ಕೆ ವಾಲಿದರೆ ಬಾಗಿಲು ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ನೀವು ಕ್ಯಾಮೆರಾ ಮೇಲಕ್ಕೆ ಎತ್ತಿದ್ದೀರಿ ಎಂದರ್ಥ. ಕ್ಯಾಮೆರಾದ ಬೆನ್ನು ಕದಕ್ಕೆ ಸಮಾನಾಂತರವಾಗಿರಬೇಕು, ಎತ್ತರ ಬಾಗಿಲಿನ ನಡುಮಟ್ಟಕ್ಕಿರಬೇಕು. ಇಲ್ಲೊಂದು ಅನುಕೂಲವಿದೆ. ಜಗುಲಿ ನೆಲದಿಂದ ಎರಡೂವರೆ ಅಡಿ ಎತ್ತರ, ಬಾಗಿಲಿನ ಅರ್ಧ ಇನ್ನೊಂದು ಎರಡೂವರೆ ಅಡಿ ಎಂದಿಟ್ಟುಕೊಳ್ಳಿ. ಒಟ್ಟು ಐದು ಅಡಿ, ಅಂಗಳದಲ್ಲಿ ನಿಂತವನ ಕಣ್ಣಿನ ಮಟ್ಟ. ಹಾಗಾಗಿ ಜಗುಲಿ ಹತ್ತಿ ಕುಕ್ಕರಿಸುವುದಕ್ಕಿಂತ ಅಂಗಳದಲ್ಲೇ ನಿಲ್ಲುವುದು ಒಳ್ಳೆಯದು. ಗೆರೆಯೂ ನೇರ, ಮನೆಯವರಿಗೂ ಕಿರಿಕಿರಿಯಿಲ್ಲ. ಗೋಕರ್ಣದ ಓಣಿಗಳಲ್ಲಿ ಬಾಗಿಲು ಬೀದಿ ಮಟ್ಟಕ್ಕೇ ಇದ್ದರೆ ಮಂಡಿಯೂರಿ, ಕ್ಯಾಮೆರಾ ಎರಡೂವರೆ–ಮೂರು ಅಡಿಗೆ ಇಳಿಸಿ.

ದೂರದ ಲೆಕ್ಕ ಹೀಗೆ. ಹೊಸ್ತಿಲು, ದಾರಂದ, ಮೇಲಿನ ಕೆತ್ತನೆ ಪಟ್ಟಿ, ಸುತ್ತ ಒಂಚೂರು ಗೋಡೆ ಸೇರಿ ಎಂಟು ಅಡಿ ಎತ್ತರ ಬೇಕು ಎಂದರೆ ನಿಮ್ಮ 18–55 ಲೆನ್ಸನ್ನು 35 ಮಿ.ಮೀ.ಗೆ ಇಟ್ಟು, ಕ್ಯಾಮೆರಾ ಉದ್ದಕ್ಕೆ ಹಿಡಿದು, 12 ಅಡಿ ದೂರ ನಿಲ್ಲಬೇಕು. 18ಕ್ಕೆ ಇಟ್ಟರೆ ಆರು ಅಡಿ ಸಾಕು, ಆದರೆ ಅಷ್ಟು ಹತ್ತಿರದಿಂದ ಹೊಸ್ತಿಲು ಉಬ್ಬಿ, ಅಂಚು ಹೊರಕ್ಕೆ ಬಾಗಿ ಪೀಪಾಯಿಯಂತಾಗುತ್ತದೆ. ಜಾಗವಿದ್ದರೆ 35, ಓಣಿ ಕಿರಿದಾದರೆ 24, ಅದಕ್ಕೂ ಕೆಳಗೆ ಹೋಗಬೇಡಿ. ಜಾಗವೇ ಇಲ್ಲದಿದ್ದರೆ ಪೂರ್ತಿ ಬಾಗಿಲಿನ ಆಸೆ ಬಿಟ್ಟು ಅಗುಳಿ, ಬಳೆ, ಚಿಲಕ, ಮೊಳೆಯ ಸಾಲು ತೆಗೆಯಿರಿ. ಮೊಬೈಲಿನಲ್ಲಿ ಜೂಮ್ 1 ಬೇಡ, 2ಕ್ಕೆ ಇಟ್ಟು ಹಿಂದೆ ಸರಿಯಿರಿ. ಪರದೆಯ ಮೇಲೆ ಗ್ರಿಡ್ ಗೆರೆ ಹಾಕಿಕೊಂಡು ದಾರಂದದ ಅಂಚನ್ನು ಅದಕ್ಕೆ ಹೊಂದಿಸಿ. ಸುತ್ತ ಹತ್ತರಲ್ಲೊಂದು ಪಾಲು ಹೆಚ್ಚಿಗೆ ಜಾಗ ಬಿಡಿ, ಆಮೇಲೆ ಗೆರೆ ನೇರ ಮಾಡುವಾಗ ಅಂಚು ಕತ್ತರಿಸಿ ಹೋಗುತ್ತದೆ. ಒಂದು ಮಾತು: ಹಳೆ ಬಾಗಿಲುಗಳೇ ಎಷ್ಟೋ ಸಲ ಸೊಟ್ಟಗಿರುತ್ತವೆ. ಹೊಸ್ತಿಲು ನೇರವಿದೆಯಾ ನೋಡಿ ಅದನ್ನು ಆಧಾರ ಮಾಡಿಕೊಳ್ಳಿ, ಸೊಟ್ಟ ಕಂಬವನ್ನು ಕಂಪ್ಯೂಟರಿನಲ್ಲಿ ನೇರ ಮಾಡಲು ಹೋದರೆ ಗೋಡೆ ಸೊಟ್ಟಗಾಗುತ್ತದೆ.

ಸೆಟ್ಟಿಂಗ್ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಅಪರ್ಚರ್ 5.6ರಿಂದ 8, ಶಟರ್ 1/60ಕ್ಕಿಂತ ಕಡಿಮೆಯಾಗದಂತೆ, ನೆರಳಿನಲ್ಲಿ ಐಎಸ್ಒ 800 ಆದರೂ ಪರವಾಗಿಲ್ಲ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಮಾತ್ರ ಮೋಸ ಮಾಡುತ್ತದೆ. ಎಣ್ಣೆ ಕುಡಿದು ಕಪ್ಪಾದ ಕದವೇ ಚೌಕಟ್ಟು ತುಂಬಿದರೆ ಕ್ಯಾಮೆರಾ ಅದನ್ನು ಬೂದು ಮಾಡಲು ನೋಡುತ್ತದೆ, ಎಕ್ಸ್‌ಪೋಶರ್ ಮುಕ್ಕಾಲರಿಂದ ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಸುಣ್ಣದ ಗೋಡೆ ಹೆಚ್ಚಿದ್ದರೆ ಅಷ್ಟೇ ಏರಿಸಿ. ಎರಡೂ ಅರ್ಧರ್ಧ ಇದ್ದರೆ ಸುಣ್ಣದ ಬಿಳುಪು ಸುಟ್ಟು ಹೋಗದಂತೆ ನೋಡಿಕೊಂಡು ಕಚ್ಚಾ (RAW) ಫೈಲು ತೆಗೆಯಿರಿ, ಮರದ ಕಪ್ಪನ್ನು ಆಮೇಲೆ ಎತ್ತಬಹುದು. ಮಲೆನಾಡಿನ ಮನೆಯ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಒಳಗಿನ ಕತ್ತಲೆ ಕತ್ತಲೆಯಾಗಿಯೇ ಇರಲಿ, ಮರಕ್ಕೆ ಎಕ್ಸ್‌ಪೋಶರ್ ಇಡಿ.

ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಕೊಳ್ಳಬೇಕಾ ಎಂದು ಕೆಲವರು ಕೇಳುತ್ತಾರೆ. ಆಯಿಲ್ ಪೇಂಟ್ ಬಳಿದ ಬಾಗಿಲಿನ ಹೊಳಪು ತೆಗೆಯಲು ಅದು ಒದಗುತ್ತದೆ, ಆದರೆ ಬಾಗಿಲಿಗೆ ನೇರ ಎದುರು ನಿಂತಾಗ ಅದರಿಂದ ಏನೂ ಆಗದು. ಮೇಲ್ಮೈಯಿಂದ ಸುಮಾರು 35 ಡಿಗ್ರಿ ಕೋನದಲ್ಲಿ ಓರೆಯಾಗಿ ನೋಡಿದಾಗ ಮಾತ್ರ ಪೂರ್ತಿ ಕೆಲಸ ಮಾಡುತ್ತದೆ. ಹಿತ್ತಾಳೆ ಬಳೆಯ ಹೊಳಪಿಗಂತೂ ಅದು ನಾಟುವುದೇ ಇಲ್ಲ. ನಾಲ್ಕು ದಿನದ ತಿರುಗಾಟಕ್ಕೆ ಬೇಡ.

ಇನ್ನು ಗೋಡೆ. ಬೆಂಗಳೂರಿನಂತೆ ದೊಡ್ಡ ದೊಡ್ಡ ಮ್ಯೂರಲ್ ಹುಡುಕಿಕೊಂಡು ಬಂದರೆ ನಿರಾಸೆಯಾದೀತು. ಗೋಕರ್ಣದ ಕುಡ್ಲೆ, ಓಂ ಬೀಚಿನ ಕಡೆ ಕೆಫೆಗಳ ಗೋಡೆಗಳಿವೆ. ಸರ್ಕಾರಿ ಶಾಲೆ, ಕಚೇರಿಗಳ ಕಾಂಪೌಂಡಿನ ಮೇಲೆ ಯಕ್ಷಗಾನ, ಕಾಡುಪ್ರಾಣಿ, ಅದೇ ಮಹಾರಾಷ್ಟ್ರದ ವರ್ಲಿ ಗೊಂಬೆಗಳು ಸಿಗುತ್ತವೆ. ನಮ್ಮ ಕಡೆಯದಲ್ಲದ ವರ್ಲಿ ಇಲ್ಲಿನ ಕಾಂಪೌಂಡುಗಳಿಗೆ ಯಾಕೆ ಅಂಟಿಕೊಂಡಿತೋ! ಒಂದು ಮಳೆಗಾಲ ಕಳೆದರೆ ಅವಕ್ಕೆ ಕೆಳಗಿನಿಂದ ಕರಿ ಪಾಚಿ ಹತ್ತುತ್ತದೆ, ಹಾಗಾಗಿ ಹೊಸ ಬಣ್ಣ ಬಿದ್ದ ಗೋಡೆ ನೋಡಿಕೊಂಡು ತೆಗೆಯಿರಿ, ಅಥವಾ ಪಾಚಿಯನ್ನೇ ಚಿತ್ರದ ಭಾಗ ಮಾಡಿಕೊಳ್ಳಿ.

ಇಲ್ಲಿನ ನಿಜವಾದ ಗೋಡೆ ಕಲೆ ಕಾವಿ. ಸುಣ್ಣ, ಮರಳಿನ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ನುಣುಪಾಗಿ ತಿಕ್ಕಿ, ಹಸಿಯಿರುವಾಗಲೇ ಚೂಪು ಕಡ್ಡಿಯಿಂದ ಕೆರೆದು ಕೆಳಗಿನ ಬಿಳುಪು ಕಾಣಿಸುವ ಕೆಲಸ. ಕೊಂಕಣ ಕರಾವಳಿಯ ದೇವಸ್ಥಾನ, ಮನೆಗಳಲ್ಲಿ ಹಿಂದೆ ಹೇರಳವಾಗಿತ್ತು. ಹೊನ್ನಾವರದವರಾದ ಡಾ. ಕೃಷ್ಣಾನಂದ ಕಾಮತರು ಇದನ್ನು ಊರೂರು ಸುತ್ತಿ ದಾಖಲಿಸಿದ್ದರು. 1688ರಲ್ಲಿ ಕಟ್ಟಿದ ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ ಈ ಕಲೆ ಇದೆ, ಅಲ್ಲಿಂದ ಶುರು ಮಾಡಿ. ಕಚೇರಿಯಲ್ಲಿ ಕೇಳಿಯೇ ಕ್ಯಾಮೆರಾ ತೆಗೆಯಿರಿ, ಗರ್ಭಗುಡಿ ಕಡೆ ತಿರುಗಿಸಬೇಡಿ. ಎರಡು ವರ್ಷಕ್ಕೊಮ್ಮೆ ಜಾತ್ರೆ, ಆ ದಿನಗಳಲ್ಲಿ ಗೋಡೆ ಕಾಣುವುದು ಕನಸಿನ ಮಾತು.

ಕಾವಿಯ ಜೀವ ಇರುವುದು ಆ ಕೆರೆದ ತಗ್ಗಿನಲ್ಲಿ. ಕೂದಲೆಳೆಯಷ್ಟು ಆಳ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ತಗ್ಗು ಮಾಯವಾಗಿ ಗೋಡೆಗೆ ಅಂಟಿಸಿದ ಸ್ಟಿಕ್ಕರಿನಂತಾಗುತ್ತದೆ, ಮೇಲಾಗಿ ತಿಕ್ಕಿದ ಗಾರೆ ಕನ್ನಡಿಯಂತೆ ಹೊಳೆದು ನಡುವೆ ಬಿಳಿ ಚುಕ್ಕೆ. ಗೋಡೆಯನ್ನು ಸವರಿಕೊಂಡು ಹೋಗುವಂತೆ ಪಕ್ಕದಿಂದ, 15–20 ಡಿಗ್ರಿ ಕೋನದಲ್ಲಿ ಬೆಳಕು ಬೀಳುವ ಹೊತ್ತು ಕಾಯಿರಿ. ಅಸಲಿ ಕಾವಿಯೋ, ಮೇಲೆ ಪೇಂಟ್ ಬಳಿದದ್ದೋ ಎಂದು ಗೊತ್ತಾಗುವುದೂ ಆಗಲೇ: ಅಸಲಿಯಲ್ಲಿ ಬಿಳಿ ಗೆರೆಯ ಒಂದು ಅಂಚಿಗೆ ಸಣ್ಣ ನೆರಳಿರುತ್ತದೆ, ಪೇಂಟಿನಲ್ಲಿ ಬಿಳಿಯೂ ಕೆಂಪೂ ಒಂದೇ ಮಟ್ಟ. ಮುಟ್ಟಿ ನೋಡಬೇಡಿ, ಕೈಯ ಬೆವರಿನ ಕಲೆ ಸುಣ್ಣಕ್ಕೆ ಹಿಡಿಯುತ್ತದೆ. ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ, ಆಟೋ ಬೇಡ. ಅಷ್ಟೊಂದು ಕೆಂಪು ಕಂಡ ಕ್ಯಾಮೆರಾ ಅದನ್ನು ಸರಿಪಡಿಸಲು ಹೋಗಿ ಇಟ್ಟಿಗೆ ಬಣ್ಣವನ್ನು ಕಂದು ಮಾಡಿಬಿಡುತ್ತದೆ. ಬಿಸಿಲಿಗೆ 5200–5500 ಕೆಲ್ವಿನ್, ನೆರಳಿಗೆ 7000ದ ಆಸುಪಾಸು ಎಂದು ಕೈಯಾರೆ ಇಡಿ. ಕ್ಯಾಮೆರಾ ಪರದೆಯಲ್ಲಿ ಕತ್ತಲೆಯಿಂದ ಬೆಳಕಿನವರೆಗಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನಲ್ಲಿ ಕೆಂಪು ಬಣ್ಣದ್ದನ್ನೇ ಬೇರೆಯಾಗಿ ನೋಡಿ. ಒಟ್ಟು ಸರಿಯಿದ್ದರೂ ಕೆಂಪು ಬಲತುದಿಗೆ ಗುದ್ದಿದ್ದರೆ ಅರ್ಧ ಸ್ಟಾಪ್ ಇಳಿಸಿ, ಇಲ್ಲದಿದ್ದರೆ ಗಾರೆಯ ತರಿ ಅಳಿಸಿ ಬರೀ ಕೆಂಪು ಮುದ್ದೆ ಉಳಿಯುತ್ತದೆ.

ಸಿದ್ದಾಪುರ, ಶಿರಸಿಯ ಹಳ್ಳಿಗಳಲ್ಲಿ ದೀವರ ಸಮುದಾಯದವರ ಮನೆಗಳ ಹಸೆ ಚಿತ್ತಾರ ಇನ್ನೊಂದು. ಕೆಮ್ಮಣ್ಣಿನ ಗೋಡೆಗೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಇದು ಬೀದಿಯ ಕಲೆಯಲ್ಲ, ಮದುವೆ ಮನೆಯ ಒಳಗೋಡೆಯದು, ಕರೆದರೆ ಮಾತ್ರ ಹೋಗುವುದು.

ಬೈಯುತ್ತಾರಾ ಎಂದರೆ, ಕೇಳದೆ ತೆಗೆದರೆ ಬೈಯುತ್ತಾರೆ, ಬೈಯಬೇಕಾದ್ದೇ. ಅಂಗಳದಂಚಿನಲ್ಲಿ ನಿಂತು "ಅಮ್ಮಾ, ಬಾಗಿಲ ಕೆತ್ತನೆ ಚಂದ ಇದೆ, ಒಂದು ಫೋಟೊ ತೆಗೀಬಹುದಾ?" ಎಂದರೆ ಶಿರಸಿ ಕಡೆ "ಅಡ್ಡಿಲ್ಲೆ" ಎಂಬ ಉತ್ತರ ಬರುತ್ತದೆ. ಹಿಂದೆಯೇ "ಆಸ್ರಿಗೆ (ಬಾಯಾರಿಕೆಗೆ) ಎಂತ ಕುಡೀತ್ರಿ?" ಬರುತ್ತದೆ. ಕುಡಿಯಿರಿ, ಆದರೆ ಮೊದಲು ಚಿತ್ರ ತೆಗೆದುಬಿಡಿ. ಜಗುಲಿಯಲ್ಲಿ ಕೂತರೆ ಅಡಿಕೆ ದರದ ಮಾತು ಮುಗಿಯುವುದರೊಳಗೆ ಬೆಳಕು ಹೋಗಿರುತ್ತದೆ. ಕಾರವಾರ, ಸದಾಶಿವಗಡದ ಕಡೆ ಮನೆಮಾತು ಕೊಂಕಣಿ. "ದಾರಾಚೊ ಫೋಟೊ ಕಾಡೂಂ?" ಎಂದರೆ ಮುಖ ಅರಳುತ್ತದೆ, ಕನ್ನಡವೂ ಎಲ್ಲರಿಗೂ ಬರುತ್ತದೆ. ಹೊಸ್ತಿಲು ತುಳಿಯಬೇಡಿ, ರಂಗೋಲಿ ದಾಟಬೇಡಿ, ಚಪ್ಪಲಿ ರಾಶಿ ಸರಿಸಬೇಡಿ. ಬಾಗಿಲೆದುರು ಸ್ಕೂಟರ್ ನಿಂತಿದ್ದರೆ ಕೇಳಿ, ತಾವೇ ತೆಗೆಯುತ್ತಾರೆ. ಊಟದ ನಂತರ ಎರಡರಿಂದ ಮೂರೂವರೆ ಮಲಗುವ ಹೊತ್ತು, ಬಾಗಿಲು ಮುಚ್ಚಿದ್ದು ಕಾಣಲು ಚಂದ, ತಟ್ಟಲು ಅಲ್ಲ.

ಕಾರವಾರದಿಂದ ದಕ್ಷಿಣಕ್ಕೆ ಬಿಣಗಾ, ಅರಗಾ ಸುತ್ತ ನೌಕಾನೆಲೆಯ ಗೋಡೆ, ಗೇಟು, ಫಲಕ ಯಾವುದಕ್ಕೂ ಕ್ಯಾಮೆರಾ ಎತ್ತಬೇಡಿ. ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ.

ಕಲಾವಿದರು ಬರೆದ ಗೋಡೆ ಚಿತ್ರದ ಫೋಟೊ ಮಾರುವ ಯೋಚನೆಯಿದ್ದರೆ ಒಂದು ವಿಷಯ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಕಟ್ಟಡಗಳಿಗೂ, ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿರುವ ಶಿಲ್ಪಗಳಿಗೂ ವಿನಾಯಿತಿ ಕೊಡುತ್ತದೆ, ವರ್ಣಚಿತ್ರದ ಹೆಸರು ಅದರಲ್ಲಿಲ್ಲ. ಮೂಲೆಯಲ್ಲಿ ಸಹಿ ಇದ್ದರೆ ಅದರದ್ದೂ ಒಂದು ಫೋಟೊ ಹೊಡೆದುಕೊಳ್ಳಿ, ಮಾರುವ ಮೊದಲು ಬರೆದವರನ್ನು ಕೇಳಿ.

ಎಸಿ ರೂಮಿನಿಂದ ಕ್ಯಾಮೆರಾ ಹೊರತೆಗೆದ ಕೂಡಲೇ ಲೆನ್ಸಿಗೆ ಮಂಜು ಕವಿಯುತ್ತದೆ, ಚೀಲದೊಳಗೇ ಇಪ್ಪತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡಲಂಚಿನಲ್ಲಿ ಗಾಜಿನ ಮೇಲೆ ಕೂತ ಉಪ್ಪನ್ನು ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಗಾಳಿ ಊದಿ, ಆಮೇಲೆ ಒದ್ದೆ ಮಾಡಿ ಹಿಂಡಿದ ಮೈಕ್ರೊಫೈಬರ್ ಬಟ್ಟೆ.

ಫೋಟೊ ಜಾಲಕ್ಕೆ ಹಾಕುವಾಗ ಊರಿನ ಹೆಸರು, ಬಾಗಿಲ ದಿಕ್ಕು, ತೆಗೆದ ಗಂಟೆ ಬರೆಯಿರಿ. ಫೈಲಿನೊಳಗಿನ ಜಿಪಿಎಸ್ ಮಾತ್ರ ಅಳಿಸಿ. ಹಳೆ ಬಾಗಿಲು, ಕಂಬ ಕೊಳ್ಳುವ ವ್ಯಾಪಾರಿಗಳಿದ್ದಾರೆ, ಮುದುಕರಿಬ್ಬರೇ ಇರುವ ಮನೆಯ ದಾರಿಯನ್ನು ನಾವಾಗಿ ಅವರಿಗೆ ತೋರಿಸಿಕೊಡುವುದು ಬೇಡ.